ನಾರ್ಮನ್ ಲಿಯರ್

ನಾರ್ಮನ್ ಲಿಯರ್ (1922–2023) ಅಮೆರಿಕದ ಟೆಲಿವಿಷನ್ ನಿರ್ಮಾಪಕ, ಬರಹಗಾರ. ಜನಾಂಗದ್ವೇಷ, ವಿಯೆಟ್ನಾಂ ಯುದ್ಧ, ಗರ್ಭಪಾತದಂಥ ವಿಷಯಗಳನ್ನು ಹಾಸ್ಯ ಧಾರಾವಾಹಿಯೊಳಗೆ ಮನೆಮಂದಿಯ ಜಗಳವಾಗಿ ತಂದವರು.

ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ, ಯಹೂದಿ ಕುಟುಂಬದಲ್ಲಿ ಹುಟ್ಟಿದರು. ಅವರಿಗೆ ಒಂಬತ್ತು ವರ್ಷವಾಗಿದ್ದಾಗ ತಂದೆ ವಂಚನೆಯ ಆರೋಪದಲ್ಲಿ ಜೈಲುಪಾಲಾದರು. ಎರಡನೆಯ ಮಹಾಯುದ್ಧದಲ್ಲಿ ಬಿ-17 ಬಾಂಬರ್ ವಿಮಾನದ ಸಿಬ್ಬಂದಿಯಾಗಿ 52 ಕಾರ್ಯಾಚರಣೆಗಳಲ್ಲಿ ಪಾಲ್ಗೊಂಡ ಲಿಯರ್, ಬಳಿಕ ಡೀನ್ ಮಾರ್ಟಿನ್–ಜೆರ್ರಿ ಲೂಯಿಸ್ ಜೋಡಿಗೆ ಪ್ರಹಸನ ಬರೆದರು. ನಿರ್ದೇಶಕ ಬಡ್ ಯಾರ್ಕಿನ್ ಜೊತೆಗೂಡಿ ಟ್ಯಾಂಡೆಮ್ ಪ್ರೊಡಕ್ಷನ್ಸ್ ಕಟ್ಟಿದರು.

ಬ್ರಿಟನ್ನಿನ 'ಟಿಲ್ ಡೆತ್ ಅಸ್ ಡೂ ಪಾರ್ಟ್' ಧಾರಾವಾಹಿಯನ್ನು ಆಧರಿಸಿದ 'ಆಲ್ ಇನ್ ದ ಫ್ಯಾಮಿಲಿ'ಯನ್ನು ಎಬಿಸಿ ವಾಹಿನಿ ಎರಡು ಬಾರಿ ತಿರಸ್ಕರಿಸಿತು. 1971ರ ಜನವರಿ 12ರಂದು ಸಿಬಿಎಸ್ ಅದನ್ನು ಪ್ರಸಾರ ಮಾಡಿದಾಗ ಮೊದಲಿಗೆ ಪ್ರೇಕ್ಷಕರಿಗೆ ಎಚ್ಚರಿಕೆಯ ಸೂಚನೆ ತೋರಿಸಿತು. ನ್ಯೂಯಾರ್ಕಿನ ಕ್ವೀನ್ಸ್‌ನ ಕಾರ್ಮಿಕ ಆರ್ಚಿ ಬಂಕರ್ ಕರಿಯರನ್ನು, ಯಹೂದಿಗಳನ್ನು, ವಲಸಿಗರನ್ನು ಬಾಯಿಗೆ ಬಂದಂತೆ ಜರಿಯುತ್ತಾನೆ. ಅದೇ ಸೂರಿನಡಿಯ ಉದಾರವಾದಿ ಅಳಿಯ ಮೈಕ್ ಅವನಿಗೆ ಎದುರು ನಿಲ್ಲುತ್ತಾನೆ. ಆರ್ಚಿಯ ರೂಪಕ್ಕೆ ಲಿಯರ್ ತಮ್ಮ ತಂದೆಯನ್ನೇ ನೆನೆದಿದ್ದರು. ಆರ್ಚಿಯನ್ನು ಖಳನಾಗಿಸಿದ್ದರೆ ನೋಡುಗರು ತಮಗೆ ಸಂಬಂಧವಿಲ್ಲವೆಂದು ಕೈತೊಳೆದುಕೊಳ್ಳುತ್ತಿದ್ದರು. ಕ್ಯಾರಲ್ ಓ'ಕಾನರ್ ಅಭಿನಯದಲ್ಲಿ ಅವನು ಹೆಂಡತಿಯನ್ನು ಪ್ರೀತಿಸುವ, ಬದಲಾಗುತ್ತಿರುವ ಕಾಲಕ್ಕೆ ಹೆದರಿದ ಮನುಷ್ಯ. ಅವನ ದ್ವೇಷ ಕಾಡುವುದೂ ಅದಕ್ಕೇ. ಧಾರಾವಾಹಿ ಸತತ ಐದು ವರ್ಷ ವೀಕ್ಷಕರ ಸಂಖ್ಯೆಯಲ್ಲಿ ಮೊದಲ ಸ್ಥಾನದಲ್ಲಿತ್ತು. ಆದರೆ ಪೂರ್ವಗ್ರಹವುಳ್ಳ ವೀಕ್ಷಕರು ಆರ್ಚಿಯನ್ನೇ ಮೆಚ್ಚುವ ಸಾಧ್ಯತೆ ಹೆಚ್ಚೆಂದು ಮನಶ್ಶಾಸ್ತ್ರಜ್ಞರಾದ ವಿಡ್ಮರ್ ಮತ್ತು ರೋಕೀಚ್ ಅವರ 1974ರ ಅಧ್ಯಯನ ತೋರಿಸಿತು. ಲಿಯರ್ ಅವರ ವಿಧಾನದ ಬಗೆಗಿನ ಅತ್ಯಂತ ಗಂಭೀರ ಆಕ್ಷೇಪ ಇದು.

'ಆಲ್ ಇನ್ ದ ಫ್ಯಾಮಿಲಿ'ಯಿಂದಲೇ ಹಲವು ಧಾರಾವಾಹಿಗಳು ಕವಲೊಡೆದವು. ಆರ್ಚಿಯ ಹೆಂಡತಿಯ ಸೋದರ ಸಂಬಂಧಿ 'ಮಾಡ್'ಳ ಕಥೆಯಲ್ಲಿ (1972) 47ರ ನಾಯಕಿ ಗರ್ಭಪಾತವನ್ನು ಆರಿಸಿಕೊಳ್ಳುತ್ತಾಳೆ. ಆ ಕಂತುಗಳು ಪ್ರಸಾರವಾದದ್ದು ಗರ್ಭಪಾತದ ಹಕ್ಕನ್ನು ದೇಶದಾದ್ಯಂತ ಮಾನ್ಯ ಮಾಡಿದ ರೋ ವಿರುದ್ಧ ವೇಡ್ ತೀರ್ಪಿಗೆ ಎರಡು ತಿಂಗಳು ಮೊದಲು. 'ದ ಜೆಫರ್ಸನ್ಸ್' (1975) ಉದ್ಯಮದಲ್ಲಿ ಗೆದ್ದ ಕಪ್ಪು ಕುಟುಂಬದ್ದು. ಶಿಕಾಗೋದ ಬಡ ಕಪ್ಪು ಕುಟುಂಬವನ್ನು ತೋರಿಸಿದ 'ಗುಡ್ ಟೈಮ್ಸ್'ನಲ್ಲಿ (1974) ಹಿರಿಮಗ ಜೆ.ಜೆ.ಯ ವಿದೂಷಕತನ ಹೆಚ್ಚಿದಾಗ, ತಂದೆ-ತಾಯಿಯ ಪಾತ್ರಧಾರಿಗಳಾದ ಜಾನ್ ಏಮಸ್ ಮತ್ತು ಎಸ್ತರ್ ರೋಲ್ ಪ್ರತಿಭಟಿಸಿದರು. ಏಮಸ್ ಅವರನ್ನು ಕೈಬಿಡಲಾಯಿತು. ಅಷ್ಟು ಧೈರ್ಯದ ನಿರ್ಮಾಣ ಸಂಸ್ಥೆಗೆ ಇದು ಶೋಭಿಸಲಿಲ್ಲ.

1981ರಲ್ಲಿ ಧಾರ್ಮಿಕ ಬಲಪಂಥಕ್ಕೆ ಎದುರಾಗಿ 'ಪೀಪಲ್ ಫಾರ್ ದ ಅಮೆರಿಕನ್ ವೇ' ಸಂಘಟನೆಯ ಸ್ಥಾಪನೆಯಲ್ಲಿ ಪಾಲ್ಗೊಂಡರು. 1999ರಲ್ಲಿ ರಾಷ್ಟ್ರೀಯ ಕಲಾ ಪದಕ ಪಡೆದರು. 1975ರ 'ಒನ್ ಡೇ ಅಟ್ ಎ ಟೈಮ್' 2017ರಲ್ಲಿ ಕ್ಯೂಬಾ ಮೂಲದ ಕುಟುಂಬದ ಕಥೆಯಾಗಿ ನೆಟ್‌ಫ್ಲಿಕ್ಸ್‌ನಲ್ಲಿ ಮರಳಿದಾಗಲೂ ಲಿಯರ್ ಅದರ ನಿರ್ಮಾಪಕರಲ್ಲಿ ಒಬ್ಬರಾಗಿದ್ದರು.