ತೊಲಿ, ಗಚ್ಚು, ಬೆಂಕಿ

ನಮ್ಮ ಹಲಕುಂದಿ ಕಡೆ ಹಳೇ ಮಾಳಿಗಿ ಮನಿ ಮಾತು ಬಂದ್ರ ಸಾಕು, "ಕಟ್ಟಿಗಿ ಐತಿ, ಬೆಂಕಿ ಬಿದ್ರ ಮುಗೀತು, ಕೆಡವ್ರಿ" ಅಂತಾರ. ಅದು ಪೂರ್ತಿ ಸುಳ್ಳಲ್ಲ ಅಕ್ಕಂದ್ರ. ಹಂಪಿಯಾಗ ಅರಮನಿಗಳ ಕಲ್ಲಿನ ಜಗಲಿ ಅಷ್ಟ ಉಳಿದಾವ; 1565ರ ಯುದ್ಧ ಆದಮ್ಯಾಲೆ ಊರು ಹಾಳಾದಾಗ ಮ್ಯಾಲಿನ ಕಟ್ಟಿಗಿ ಕೆಲಸ ಸುಟ್ಟು ಹೋತು. ಮೈಸೂರಿನ ಕಟ್ಟಿಗಿ ಅರಮನಿನೂ 1897ರಾಗ ರಾಜಕುಮಾರಿ ಮದುವಿ ಹೊತ್ತಿನಾಗ ಉರೀತು. ಆಮ್ಯಾಲೆ ಹೆನ್ರಿ ಇರ್ವಿನ್ ಅನ್ನೋರ ನಕ್ಷೆ ಪ್ರಕಾರ ಕಲ್ಲು, ಇಟ್ಟಿಗಿ, ಕಬ್ಬಿಣದಾಗ ಹೊಸಾದು ಎದ್ದು 1912ಕ್ಕ ಮುಗೀತು.

ಕಟ್ಟಿಗಿ ಬಿಡದಂಗ ಇನ್ನೊಂದು ದಾರಿನೂ ಇತ್ತು. ಬಳ್ಳಾರಿ 1800ರಿಂದ 1953ರ ತನಕ ಮದ್ರಾಸಿಗೆ ಸೇರಿತ್ತಲ್ಲ, ಆ ಸೀಮೆಯಾಗ ಹಬ್ಬಿದ್ದು 'ಮದ್ರಾಸ್ ತಾರಸಿ'. ಜಂತಿ ಮ್ಯಾಲೆ ಇಟ್ಟಿಗಿ ನಿಲ್ಲಿಸಿ ಸುಣ್ಣದ ಗಾರೆ ಹಾಕಿ, ಅದರ ಮ್ಯಾಲೆ ಇಟ್ಟಿಗಿ ಚೂರು-ಸುಣ್ಣದ ಕಾಂಕ್ರೀಟ್ ಬಡಿಯೋದು. ಮ್ಯಾಲೆ ಬಿದ್ದ ಕಿಡಿ ಕಟ್ಟಿಗಿಗೆ ಮುಟ್ಟಂಗಿಲ್ಲ, ಕೆಳಗಿನ ಉರಿ ಬೇಗ ಮ್ಯಾಲೆ ಹಾಯಂಗಿಲ್ಲ. ನಮ್ಮ ಮಣ್ಣಿನ ಮಾಳಿಗಿನೂ ಇದೇ ಲೆಕ್ಕ.

ತೊಲಿ ಕೆಳಗಿಂದ ಸುಡತೈತಿ ಖರೆ. ಆದ್ರ ದಪ್ಪ ತೊಲಿ ನಿಮಿಷಕ್ಕ ಒಂದು ಮಿಲಿಮೀಟರಿಗಿಂತ ಕಮ್ಮಿನ ಸುಡೋದು. ಹೊರಗಿನ ಇದ್ದಿಲು ಒಳಗಿನ ಗಟ್ಟಿ ಕಟ್ಟಿಗಿ ಕಾಯತೈತಿ. ಒಲಿಯಾಗ ದಪ್ಪ ಕೊಳ್ಳಿ ಇಟ್ಟವ್ರಿಗೆ ಗೊತ್ತಿದ್ದದ್ದ ಇದು. ಮೊದ್ಲು ಸೋಲೋದು ಸಣ್ಣ ಜಂತಿ, ಗೆದ್ದಲು ತಿಂದ ತುದಿ. ಅವು ಸೋತ್ರ ಮ್ಯಾಲಿನ ಭಾರ ಎಲ್ಲ ತಲಿಮ್ಯಾಲೆ.

ಅದಕ್ಕ ಕೆಡವೋಕಿಂತ ಮೊದ್ಲು ತೊಲಿ ದಪ್ಪ, ಗೆದ್ದಲು ನೋಡಿಸ್ರಿ. ಹಳೇ ವೈರು ಜಂತಿಗೆ ಜೋತು ಬಿಡಬ್ಯಾಡ್ರಿ, ಹತ್ತಿ ಕೆಳಗ ಒಟ್ಟಬ್ಯಾಡ್ರಿ. ಬೆಂಕಿ ಬಿದ್ರ ತೊಲಿ ಕೊಡೋ ಆ ಹೊತ್ತು ಮಕ್ಕಳು-ಮುದುಕರನ್ನ ಹೊರಗ ಕರಕೊಂಡು ಬರಾಕ. ಟ್ರಂಕು ತರಾಕ ಅಲ್ಲ.