ಭೂಕಂಪ, ಭೂಕಂಪನ
'ಭೂಕಂಪ' ಎಂಬುದು ನೆಲವೆಂಬ ಅರ್ಥದ 'ಭೂ' ಶಬ್ದಕ್ಕೆ ನಡುಗುವಿಕೆಯನ್ನು ಹೇಳುವ 'ಕಂಪ್' ಧಾತು ಸೇರಿ ಆದ ಸಂಸ್ಕೃತ ಪದವಾಗಿದ್ದು, ಪರಿಮಳದ ಅರ್ಥವಿರುವ ಅಚ್ಚಗನ್ನಡದ 'ಕಂಪು' ಇದರ ನಂಟಿನದಲ್ಲ. ಪ್ರಾಚೀನ ಜ್ಯೋತಿಷಿ ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ ಭೂಕಂಪದ ಲಕ್ಷಣಗಳಿಗೇ ಒಂದು ಅಧ್ಯಾಯವಿದೆ. ಪತ್ರಿಕೆಗಳು ಭೂಕಂಪ, ಭೂಕಂಪನಗಳನ್ನು ಒಂದೇ ಅರ್ಥದಲ್ಲಿ ಬಳಸುತ್ತವೆಯಾದರೂ, ಶಾಸ್ತ್ರಬರಹದಲ್ಲಿ ಮೊದಲನೆಯದನ್ನು ಘಟನೆಗೂ ಎರಡನೆಯದನ್ನು ಆಯಾ ಸ್ಥಳದಲ್ಲಿ ನೆಲ ಅಲುಗುವ ರೀತಿಗೂ ಮೀಸಲಿಡುವುದು ಮೇಲು. ಈ ವ್ಯತ್ಯಾಸಕ್ಕೆ ವಾರಾಣಸಿಯನ್ನು ಉದಾಹರಣೆಯಾಗಿ ನೋಡಬಹುದು: ಅದು ನಿಂತಿರುವುದು ಗಂಗೆಯ ಮೆಕ್ಕಲು ಮಣ್ಣಿನ ಮೇಲೆ. ಬಂಡೆಯಿಂದ ಬಂದ ಅಲೆ ಇಂಥ ಸಡಿಲ ಪದರದಲ್ಲಿ ವೇಗ ಕಳೆದುಕೊಂಡು ಎತ್ತರದಲ್ಲಿ ಹಿಗ್ಗಬಲ್ಲುದಾದ್ದರಿಂದ, 1934ರ ಜನವರಿ 15ರ ಬಿಹಾರ-ನೇಪಾಳ ಭೂಕಂಪದಂಥ ದೂರದ ಘಟನೆಗೂ ಇಲ್ಲಿನ ಕಂಪನವನ್ನು ಬೇರೆಯಾಗಿಯೇ ಲೆಕ್ಕಹಾಕಬೇಕಾಗುತ್ತದೆ. ಭೂಕಂಪ ತಾಳುವ ಕಟ್ಟಡಗಳ ವಿನ್ಯಾಸಕ್ಕಾಗಿರುವ ಭಾರತೀಯ ಮಾನಕವಾದ ಐಎಸ್ 1893 ಸಂಹಿತೆಯ 2016ರ ಆವೃತ್ತಿಯು ನಗರವನ್ನು ಮೂರನೆಯ ಭೂಕಂಪ ವಲಯದಲ್ಲಿಟ್ಟು, ಕಟ್ಟಡ ವಿನ್ಯಾಸಕ್ಕೆ 0.16 ವಲಯಾಂಕವನ್ನು, ಅಂದರೆ ಗುರುತ್ವ ವೇಗೋತ್ಕರ್ಷದ ಶೇಕಡಾ 16ರಷ್ಟನ್ನು, ಗೊತ್ತುಪಡಿಸಿತ್ತು.