ಎಚ್‌ಎಂಟಿ: ಕಾರ್ಖಾನೆಯಿಂದ ಹವ್ಯಾಸಿಗಳ ಮೇಜಿಗೆ

ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿದ ಎಚ್‌ಎಂಟಿ, ಜನತಾ, ಪೈಲಟ್, ಕಾಂಚನ್ ಮೊದಲಾದ ಮಾದರಿಗಳಿಂದ ಮನೆಮಾತಾಯಿತು. ಜನತಾ ಕೀಲಿ ಕೊಟ್ಟು ನಡೆಸುವ ಗಡಿಯಾರವಾಗಿದ್ದು, ಅದರಲ್ಲಿ ಸುತ್ತಿದ ಮುಖ್ಯ ಸ್ಪ್ರಿಂಗ್ ಬಿಚ್ಚಿಕೊಳ್ಳುವಾಗ ಹೊಮ್ಮುವ ಶಕ್ತಿಯನ್ನು ಅತ್ತಿತ್ತ ಆಡುವ ಬ್ಯಾಲೆನ್ಸ್ ಚಕ್ರವು ಅಳತೆಗೊಳಪಡಿಸಿ ಹಲ್ಲುಚಕ್ರಗಳ ಮೂಲಕ ಮುಳ್ಳುಗಳನ್ನು ಸಮಗತಿಯಲ್ಲಿ ಸಾಗಿಸುತ್ತದೆ. ಚಕ್ರಗಳ ಅಚ್ಚು ಸವೆಯದಂತೆ ಕೂರಿಸಿದ ಕೃತಕ ಮಾಣಿಕ್ಯದ ಬೇರಿಂಗ್‌ಗಳನ್ನು ‘ಜ್ಯುವೆಲ್’ ಎನ್ನುತ್ತಾರೆ. ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರಗಳ ಪೈಪೋಟಿಯಲ್ಲಿ ಸೊರಗಿದ ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿತು. ಕೊಳ್ಳುವವರಿಲ್ಲದೆ ಸೋತ ಗಡಿಯಾರವೇ ಸಂಗ್ರಾಹಕರು ಹುಡುಕುವ ವಸ್ತುವಾದದ್ದು ವಿಚಿತ್ರವೇ ಸರಿ. ಹೊಸದಾಗಿ ಮುದ್ರಿಸಿದ ಡಯಲ್ ಹೊತ್ತ ಬೆರಕೆ ಗಡಿಯಾರಗಳೂ ಹಳೆಯ ಮಾಲಿನ ಮಾರುಕಟ್ಟೆಗೆ ಬರುವುದರಿಂದ, ಹಿಂಬದಿ ಮುಚ್ಚಳ ತೆರೆದು ಯಂತ್ರವನ್ನು ಗುರುತಿಸಬಯಸುವ ಸಂಗ್ರಾಹಕ ಅರ್ಧ ರಿಪೇರಿಗಾರನೂ ಆಗಬೇಕಾಗುತ್ತದೆ.